ಹಳೆಯ ಫ್ರಿಜ್, ಕಲ್ಲಿನ ಗ್ರೈಂಡರ್, ಬಚ್ಚಲ ಹಂಡೆ: ಯಾವುದು ಇರಲಿ, ಯಾವುದು ಹೋಗಲಿ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆ ತೋಟದ ಒಂಟಿ ಮನೆ. ಇರುವವರು ನಾನು, ಯಜಮಾನರು, ಎಂಬತ್ತು ದಾಟಿದ ಅತ್ತೆ. 1996ರಲ್ಲಿ ಕೊಂಡ ಒಂದು ಬಾಗಿಲಿನ 165 ಲೀಟರ್ ಫ್ರಿಜ್ ಇನ್ನೂ ಓಡುತ್ತಿದೆ. ಅದಕ್ಕಿಂತ ಹಳೆಯ ಕಲ್ಲಿನ ಗ್ರೈಂಡರ್, ಮಾವನವರ ಕಾಲದ ಭಾರದ ಕರೆಂಟ್ ಇಸ್ತ್ರಿ ಪೆಟ್ಟಿಗೆ, ಮೂರು ಹಳೆಯ ಫ್ಯಾನು ಇವೆ. ಸ್ನಾನಕ್ಕೆ ತಾಮ್ರದ ಹಂಡೆ, ಸೌದೆ ಒಲೆ. ಯುಗಾದಿಗೆ ಬೆಂಗಳೂರಿನಿಂದ ಬಂದ ಮಗ ಇವೆಲ್ಲ ಕರೆಂಟು ತಿನ್ನುತ್ತವೆ, ಗುಜರಿಗೆ ಹಾಕಿ ಹೊಸದು ತರೋಣ ಎಂದ. ಯಜಮಾನರು ಈಗಿನ ಸಾಮಾನೆಲ್ಲ ಪ್ಲಾಸ್ಟಿಕ್ಕು, ಐದು ವರ್ಷ ಬಾಳುವುದಿಲ್ಲ ಎನ್ನುತ್ತಾರೆ. ಹೋದ ವರ್ಷ ಪಕ್ಕದ ಮನೆಯವರ ಹೊಸ ಇನ್ವರ್ಟರ್ ಫ್ರಿಜ್ ಸಿಡಿಲಿಗೆ ಸುಟ್ಟುಹೋಗಿದ್ದನ್ನು ನೋಡಿದ ಮೇಲೆ ನನಗೂ ಹೆದರಿಕೆ. ಯಾರ ಮಾತು ಸರಿ? ಅಂದಹಾಗೆ, ಮಳೆಗಾಲದಲ್ಲಿ ಫ್ರಿಜ್ ಮುಟ್ಟಿದರೆ ಕೈ ಸ್ವಲ್ಪ ಜುಮ್ ಎನ್ನುತ್ತದೆ. ಚಪ್ಪಲಿ ಹಾಕಿಕೊಂಡು ಬಾಗಿಲು ತೆಗೆಯುವುದು ನಮಗೆ ಅಭ್ಯಾಸವಾಗಿದೆ.

ಉತ್ತರ: ಅಮ್ಮ, ನೀವು ಅಂದಹಾಗೆ ಎಂದು ಕೊನೆಗೆ ಸೇರಿಸಿದ ಮಾತನ್ನೇ ನಾನು ಮೊದಲು ತೆಗೆದುಕೊಳ್ಳುತ್ತೇನೆ. ಉಳಿದದ್ದೆಲ್ಲ ಇನ್ನೊಂದು ತಿಂಗಳು ಕಾದರೂ ನಡೆದೀತು, ಇದು ಕಾಯುವಂಥದ್ದಲ್ಲ. ದಯವಿಟ್ಟು ಇವತ್ತೇ ಆ ಫ್ರಿಜ್ಜಿನ ಪ್ಲಗ್ ಕಿತ್ತುಬಿಡಿ. ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಹಾಕಬೇಡಿ.

ಮಳೆಗಾಲದಲ್ಲಿ ಫ್ರಿಜ್ಜು, ವಾಷಿಂಗ್ ಮಷೀನು ಸ್ವಲ್ಪ ಜುಮ್ ಎನ್ನುವುದು ಸಹಜ ಎಂಬ ನಂಬಿಕೆ ನಮ್ಮ ಕಡೆ ಬೇರೂರಿದೆ. ಅದು ಸಹಜವಲ್ಲ. ಮೈ ಜುಮ್ ಎನ್ನುತ್ತಿದೆ ಎಂದರೆ ಅಲ್ಲಿ ಎರಡು ದೋಷಗಳು ಕೂಡಿವೆ. ಒಂದು, ಒಳಗಿನ ಕರೆಂಟು ಹೊರಗಿನ ತಗಡಿಗೆ ಸೋರುತ್ತಿದೆ. ಕಂಪ್ರೆಸರಿನ ಟರ್ಮಿನಲ್ ಇರಬಹುದು, ಥರ್ಮೋಸ್ಟಾಟಿನ ವೈರಿರಬಹುದು, ಬಾಗಿಲ ದೀಪದ ಸ್ವಿಚ್ಚಿರಬಹುದು. ವರ್ಷಗಟ್ಟಲೆ ಕೂತ ಧೂಳು ಮಳೆಗಾಲದ ಥಂಡಿಗೆ ಒದ್ದೆಯಾಗಿ ಕರೆಂಟಿಗೆ ದಾರಿ ಮಾಡಿಕೊಡುತ್ತದೆ. ಬೇಸಿಗೆಯಲ್ಲಿ ಒಣಗಿದಾಗ ಜುಮ್ ನಿಲ್ಲುತ್ತದೆ, ನಾವೂ ಮರೆಯುತ್ತೇವೆ. ಎರಡನೆಯ ದೋಷ ಅರ್ತಿಂಗ್. ಅದು ಸರಿಯಾಗಿದ್ದರೆ ಸೋರಿದ ಕರೆಂಟು ನೇರ ಭೂಮಿಗೆ ಹೋಗುತ್ತಿತ್ತು, ನಿಮ್ಮ ಕೈವರೆಗೆ ಬರುತ್ತಿರಲಿಲ್ಲ. ಈಗ ಅದಕ್ಕೆ ಭೂಮಿ ಸೇರಲು ಸಿಕ್ಕಿರುವ ದಾರಿ ನಿಮ್ಮ ಮೈ. ಚಪ್ಪಲಿ ಆ ದಾರಿಯನ್ನು ಅಷ್ಟಿಷ್ಟು ತಡೆಯುತ್ತದೆ, ದೋಷ ಇದ್ದಲ್ಲೇ ಇರುತ್ತದೆ. ನಿಮ್ಮ ಅತ್ತೆಯವರು ಬಚ್ಚಲಿನಿಂದ ಒದ್ದೆ ಕಾಲಲ್ಲಿ ಬಂದು ಹಾಲು ತೆಗೆಯಲು ಬಾಗಿಲ ಹಿಡಿ ಹಿಡಿದರೆ ಆಗುವುದು ಬರೀ ಜುಮ್ ಆಗಿರಬೇಕೆಂದಿಲ್ಲ.

ಎಲೆಕ್ಟ್ರಿಷಿಯನ್ ಬಂದಾಗ ಮೂರು ಕಡೆ ನೋಡಲು ಹೇಳಿ. ಪ್ಲಗ್ಗಿನ ಮೂರನೆಯ ಪಿನ್ನಿಗೆ ಹಸಿರು ವೈರು ಸೇರಿದೆಯೇ, ಗೋಡೆಯ ಸಾಕೆಟ್ಟಿನ ದೊಡ್ಡ ತೂತಿನ ಹಿಂದೆ ವೈರು ಇದೆಯೇ, ಅಂಗಳದ ಅರ್ತ್ ಪೈಪಿನವರೆಗೆ ಅದು ತುಂಡಾಗದೆ ಹೋಗಿದೆಯೇ. ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತಿದ್ದು ಹಿಂದೆ ಎರಡೇ ವೈರು ಇರುವುದನ್ನು ಬಹಳ ನೋಡಿದ್ದೇನೆ. ಅರ್ತ್ ಪೈಪು ನಮ್ಮ ಮಳೆಗೆ ತುಕ್ಕು ಹಿಡಿದು ಮಣ್ಣೊಳಗೇ ಕಡಿದುಹೋಗಿರುತ್ತದೆ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಪೂರ್ತಿ ಒಣಗುವುದರಿಂದ ಮಳೆಗಾಲದಲ್ಲಿ ಸರಿಯಿದ್ದ ಅರ್ತಿಂಗ್ ಮಾರ್ಚ್ ಹೊತ್ತಿಗೆ ಕೆಲಸ ಮಾಡದೆಯೂ ಇರಬಹುದು. ಆ ಪೈಪು ಹೂತ ಗುಂಡಿಗೆ ಆಗಾಗ ನೀರು ಹಾಕಬೇಕು.

ಇದರ ಜೊತೆಗೆ ಮೀಟರ್ ಬೋರ್ಡಿನ ಹತ್ತಿರ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು, ಹಾಕಿಸಿ. ಹಳೆಯ ಪಿಂಗಾಣಿ ಫ್ಯೂಸಾಗಲಿ ಈಗಿನ ಎಂಸಿಬಿಯಾಗಲಿ ಹಲವು ಆಂಪಿಯರ್ ಹರಿದ ಮೇಲಷ್ಟೇ ಕಡಿಯುತ್ತವೆ. ಮನುಷ್ಯನ ಹೃದಯ ನಿಲ್ಲಲು ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಸಾಕು. ಅಷ್ಟು ಸಣ್ಣ ಸೋರಿಕೆಯನ್ನು ಹಿಡಿಯುವುದು ಆರ್‌ಸಿಸಿಬಿ ಮಾತ್ರ. ಆರಿದ್ರ ಮಳೆ ಹಿಡಿದಾಗ ಅದು ಪದೇ ಪದೇ ಬೀಳುತ್ತದೆ ಎಂದು ಕೆಲವರು ಬೈಪಾಸ್ ಮಾಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಬೀಳುತ್ತಿದ್ದರೆ ಮನೆಯಲ್ಲಿ ಎಲ್ಲೋ ಸೋರುತ್ತಿದೆ ಎಂದರ್ಥ, ಆ ಜಾಗ ಹುಡುಕಿಸಬೇಕು.

ಇನ್ನು ನಿಮ್ಮ ಮೂಲ ಪ್ರಶ್ನೆ. ಮಗನೂ ಯಜಮಾನರೂ ಇಬ್ಬರೂ ಅರ್ಧರ್ಧ ಸರಿ. ಹಳೆಯದೆಲ್ಲ ಗಟ್ಟಿ ಎಂದು ನಮಗೆ ಅನ್ನಿಸುವುದಕ್ಕೆ ಒಂದು ಕಾರಣ, ಗಟ್ಟಿಯಿದ್ದವು ಮಾತ್ರ ಇವತ್ತು ನಮ್ಮ ಕಣ್ಣ ಮುಂದಿವೆ. ಅದೇ ಕಾಲದಲ್ಲಿ ಕೊಂಡು ಎರಡೇ ವರ್ಷಕ್ಕೆ ಕೆಟ್ಟವು ಎಂದೋ ಗುಜರಿ ಸೇರಿವೆ, ಅವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಂತ ಯಜಮಾನರ ಮಾತು ತಳ್ಳಿಹಾಕುವಂಥದ್ದೂ ಅಲ್ಲ. ಆಗಿನ ಮೋಟರುಗಳಲ್ಲಿ ತಾಮ್ರದ ಸುತ್ತು ಸಾಮಾನ್ಯವಾಗಿತ್ತು, ಈಗ ಅಗ್ಗದವುಗಳಲ್ಲಿ ಅಲ್ಯೂಮಿನಿಯಂ ಬರುತ್ತದೆ. ಆಗ ಸ್ಕ್ರೂ ಬಿಚ್ಚಿದರೆ ಒಳಗಿನದೆಲ್ಲ ಕೈಗೆ ಸಿಗುತ್ತಿತ್ತು, ಈಗ ಎಷ್ಟೋ ಭಾಗಗಳು ಬಿಚ್ಚಲಾಗದಂತೆ ಅಂಟಿಸಿದವು.

ನಾನು ಯಾರಿಗೇ ಸಲಹೆ ಕೊಡುವಾಗಲೂ ವಸ್ತುವಿನ ವಯಸ್ಸಿನಿಂದ ಶುರು ಮಾಡುವುದಿಲ್ಲ. ಅದು ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ, ಅದರಲ್ಲಿ ಸವೆಯುವ ಭಾಗ ಯಾವುದು, ಆ ಭಾಗ ನಿಮ್ಮ ಪೇಟೆಯಲ್ಲೇ ಸಿಕ್ಕಿ ಹಾಕುವವರು ಇದ್ದಾರೆಯೇ ಎಂದು ಕೇಳುತ್ತೇನೆ. ಹಗಲು ರಾತ್ರಿ ಓಡುವ ವಸ್ತು ಹಳತಾದರೆ ನಷ್ಟ. ವಾರಕ್ಕೆ ಎರಡು ಸಲ ಅರ್ಧ ಗಂಟೆ ಓಡುವ ವಸ್ತು ಎಷ್ಟು ಹಳತಾದರೂ ಬಿಲ್ಲಿಗೆ ಗೊತ್ತೇ ಆಗುವುದಿಲ್ಲ.

ಈ ಲೆಕ್ಕದಲ್ಲಿ ನಿಮ್ಮ ಫ್ರಿಜ್ ಸೋಲುತ್ತದೆ. ಇನ್ನೂ ಓಡುತ್ತಿದೆ ಎಂದಿರಿ. ತಣ್ಣಗೆ ಮಾಡಲು ಅದು ಎಷ್ಟು ಹೊತ್ತು ದುಡಿಯಬೇಕಾಗುತ್ತದೆ ಎಂಬುದು ಮುಖ್ಯ. ಬಾಗಿಲ ರಬ್ಬರಿಗೆ ಒಂದು ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಬಂದರೆ ಅಲ್ಲಿಂದ ತಂಪು ಸೋರುತ್ತಿದೆ. ಹೊರಮೈ ಬೆವರುತ್ತಿದ್ದರೆ ಒಳಗಿನ ಶಾಖನಿರೋಧಕ ಪದರ ದುರ್ಬಲವಾಗಿರುವ ಸಾಧ್ಯತೆ ಇದೆ. ಇಂಥ ಫ್ರಿಜ್ಜುಗಳಲ್ಲಿ ಕಂಪ್ರೆಸರ್ ನಿಲ್ಲುವುದೇ ಅಪರೂಪ. ಮೀಟರ್ ಹಾಕಿ ಅಳೆದಾಗ ದಿನಕ್ಕೆ ಒಂದೂವರೆ ಯೂನಿಟ್ ದಾಟಿದ್ದನ್ನು ಕಂಡಿದ್ದೇನೆ. ಅದೇ ಅಳತೆಯ ಹೊಸ ಫ್ರಿಜ್ಜಿನ ಸ್ಟಾರ್ ಲೇಬಲಿನಲ್ಲಿ ವರ್ಷದ ಯೂನಿಟ್ ಬರೆದಿರುತ್ತದೆ, ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ ಅರ್ಧ ಯೂನಿಟ್ಟಿನ ಆಸುಪಾಸು ಬರುತ್ತದೆ. ತಿಂಗಳಿಗೆ ಮೂವತ್ತು ಯೂನಿಟ್ ಉಳಿತಾಯ.

ಆದರೆ ಗೃಹಜ್ಯೋತಿಯಲ್ಲಿ ನಿಮಗೆ ಸೊನ್ನೆ ಬಿಲ್ ಬರುತ್ತಿದ್ದರೆ ಈ ಮೂವತ್ತು ಯೂನಿಟ್ ದುಡ್ಡಾಗಿ ಕಾಣುವುದಿಲ್ಲ, ಅದನ್ನು ಮುಚ್ಚಿಡದೆ ಹೇಳಬೇಕು. ನಿಮ್ಮ ಮನೆಗೆ ಗೊತ್ತುಮಾಡಿದ ಮಿತಿಯನ್ನು ದಾಟುತ್ತಿದ್ದರೆ ಆಗ ಲೆಕ್ಕ ಬೇರೆ. ಹೆಚ್ಚಿನದ್ದಕ್ಕೆ ಹಣ ಕಟ್ಟಬೇಕು, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಮೆಸ್ಕಾಂ ಬಿಲ್ಲು ತೆಗೆದು ನೀವು ಎಲ್ಲಿದ್ದೀರಿ ಎಂದು ನೋಡಿಕೊಳ್ಳಿ.

ನಾನು ಆ ಫ್ರಿಜ್ಜಿಗೆ ಹೆಚ್ಚು ಖರ್ಚು ಮಾಡಬೇಡಿ ಎನ್ನಲು ದೊಡ್ಡ ಕಾರಣ ಬಿಲ್ಲಲ್ಲ, ಅದರೊಳಗಿನ ತಂಪು ಮಾಡುವ ಗ್ಯಾಸು. 1996ರದ್ದು ಎಂದರೆ ಬಹುಪಾಲು ಅದರಲ್ಲಿ ಆರ್-12 ಎಂಬ ಗ್ಯಾಸ್ ಇರುತ್ತದೆ. ಹಿಂದುಗಡೆಯ ತಗಡಿನ ಪಟ್ಟಿಯಲ್ಲಿ ಬರೆದಿರುತ್ತಾರೆ, ನೋಡಿ. ಅದು ಓಝೋನ್ ಪದರವನ್ನು ಹಾಳುಮಾಡುವ ಜಾತಿಯದ್ದು. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ನಮ್ಮ ದೇಶದಲ್ಲಿ 2010ರಿಂದ ಅದರ ಬಳಕೆ ನಿಂತಿದೆ. ಹಾಗಾಗಿ ಒಮ್ಮೆ ಸೋರಿದರೆ ಅದೇ ಗ್ಯಾಸ್ ಮತ್ತೆ ತುಂಬಿಸುವ ಮಾತಿಲ್ಲ. ಅದರ ಬದಲಿಗೆ ಆರ್-134ಎ ಎಂಬ ಗ್ಯಾಸ್ ತುಂಬಬೇಕೆಂದರೆ ಕಂಪ್ರೆಸರಿನ ಎಣ್ಣೆಯನ್ನೇ ಬದಲಿಸಬೇಕು, ಫಿಲ್ಟರ್ ಬದಲಿಸಬೇಕು. ಅಷ್ಟು ಶ್ರದ್ಧೆಯಿಂದ ಮಾಡುವವರು ಕಡಿಮೆ, ಮಾಡಿದರೂ ಖರ್ಚು ಹಳೆಯ ಫ್ರಿಜ್ಜಿನ ಬೆಲೆಗಿಂತ ಹೆಚ್ಚು. ಇನ್ನು ಕೆಲವರು ಉರಿಯುವ ಗ್ಯಾಸ್ ತುಂಬಿ ಕೊಡುತ್ತಾರೆ, ಅಡುಗೆ ಸಿಲಿಂಡರಿನ ಗ್ಯಾಸನ್ನೇ ತುಂಬುವವರೂ ಇದ್ದಾರೆ. ಇದಕ್ಕೆ ಯಾವ ಕಾರಣಕ್ಕೂ ಒಪ್ಪಬೇಡಿ. ಹೊಸ ಫ್ರಿಜ್ಜುಗಳಲ್ಲೂ ಆರ್-600ಎ ಎಂಬ ಉರಿಯುವ ಗ್ಯಾಸೇ ಇರುತ್ತದೆ ಎಂದು ಅವರು ವಾದಿಸಬಹುದು. ಇರುತ್ತದೆ ನಿಜ, ಆದರೆ ನೂರು ಗ್ರಾಮಿಗಿಂತ ಕಡಿಮೆ. ಒಳಗೆ ಸೋರಿದರೂ ಕಿಡಿ ತಾಗದ ಹಾಗೆ ಆ ಫ್ರಿಜ್ಜುಗಳನ್ನು ಮಾಡಿರುತ್ತಾರೆ. ನಿಮ್ಮ ಹಳೆಯದರಲ್ಲಿ ಥರ್ಮೋಸ್ಟಾಟು, ದೀಪದ ಸ್ವಿಚ್ಚು ಎರಡೂ ಕ್ಯಾಬಿನೆಟ್ಟಿನ ಒಳಗೇ ಇವೆ, ಎರಡರಲ್ಲೂ ಕಿಡಿ ಏಳುತ್ತದೆ.

ಆದ್ದರಿಂದ ನನ್ನ ಮಾತು ಇಷ್ಟು: ಸೋರಿಕೆ ಬರೀ ವೈರಿನದೋ ರಿಲೇಯದೋ (ಕಂಪ್ರೆಸರನ್ನು ಎಬ್ಬಿಸುವ ಸ್ವಿಚ್ಚು) ಆಗಿದ್ದರೆ ಸಣ್ಣ ಖರ್ಚಿನಲ್ಲಿ ಸರಿಮಾಡಿಸಿ, ಅರ್ತಿಂಗ್ ಸರಿಯಾದ ಮೇಲೆ ಇನ್ನಷ್ಟು ದಿನ ಬಳಸಬಹುದು. ಕಂಪ್ರೆಸರಿನ ಒಳಗಿನದೇ ಸೋರಿಕೆಯಾದರೆ, ಇಲ್ಲವೇ ಗ್ಯಾಸ್ ಹೋದರೆ, ಅಲ್ಲಿಗೆ ನಿಲ್ಲಿಸಿ.

ಹೊಸದು ತರುವಾಗ ಮಗ ಇನ್ವರ್ಟರ್ ಫ್ರಿಜ್ಜನ್ನೇ ಹೇಳಬಹುದು. ಇನ್ವರ್ಟರ್ ಫ್ರಿಜ್ ಎಂದರೆ ಕರೆಂಟು ಹೋದಾಗಲೂ ಓಡುವಂಥದ್ದು ಎಂದು ಬಹಳ ಜನ ತಿಳಿದಿದ್ದಾರೆ. ಅದರೊಳಗೆ ಬ್ಯಾಟರಿ ಇರುವುದಿಲ್ಲ. ಕಂಪ್ರೆಸರಿನ ವೇಗವನ್ನು ಬೇಕಾದಷ್ಟು ಏರಿಸಿ ಇಳಿಸುವ ಒಂದು ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ, ಅದಕ್ಕೆ ಆ ಹೆಸರು. ಅದು ಕರೆಂಟು ಉಳಿಸುತ್ತದೆ, ವೋಲ್ಟೇಜ್ ಇಳಿದರೂ ತಾಳಿಕೊಳ್ಳುತ್ತದೆ, ಸದ್ದೂ ಕಡಿಮೆ. ಆದರೆ ನಮ್ಮ ಮಲೆನಾಡಿನ ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಮೊದಲು ಬಲಿಯಾಗುವುದು ಆ ಬೋರ್ಡೇ. ಪಕ್ಕದ ಮನೆಯಲ್ಲಿ ಆಗಿದ್ದೂ ಅದೇ ಇರಬೇಕು. ಸಿಡಿಲು ಮನೆಗೇ ಬಡಿಯಬೇಕೆಂದಿಲ್ಲ, ದೂರದಲ್ಲೆಲ್ಲೋ ಲೈನಿಗೆ ಹೊಡೆದರೂ ತಂತಿಯ ಮೇಲೆ ಬರುತ್ತದೆ. ಸ್ಟೆಬಿಲೈಜರ್ ಅದನ್ನು ತಡೆಯುವುದಿಲ್ಲ, ಅದರ ಕೆಲಸ ವೋಲ್ಟೇಜಿನ ಏರಿಳಿತ ಸರಿಮಾಡುವುದು ಮಾತ್ರ. ಅಂಗಡಿಯವರು ಹತ್ತು ವರ್ಷ ವಾರಂಟಿ ಎಂದಾಗ ಅದು ಯಾವುದಕ್ಕೆ ಎಂದು ಕೇಳಿ. ಸಾಮಾನ್ಯವಾಗಿ ಅದು ಕಂಪ್ರೆಸರಿಗೆ ಮಾತ್ರ, ಬೋರ್ಡಿಗೆ ಹೆಚ್ಚಾಗಿ ಒಂದೇ ವರ್ಷ. ಬೋರ್ಡಿನ ಬೆಲೆಯೋ ಸಾವಿರಗಳಲ್ಲಿ.

ಮೂರೇ ಜನ ಇರುವ, ಕಂಪನಿಯ ಸರ್ವಿಸ್‌ನವರು ಬರಲು ದಿನಗಟ್ಟಲೆ ಹಿಡಿಯುವ ಒಂಟಿ ಮನೆಗೆ ಕೈಯಲ್ಲಿ ತಿರುಗಿಸುವ ಥರ್ಮೋಸ್ಟಾಟ್ ಇರುವ, ಬೋರ್ಡ್ ಇಲ್ಲದ ಸಾದಾ ಒಂದು ಬಾಗಿಲಿನ ಫ್ರಿಜ್ಜೇ ನನ್ನ ಆಯ್ಕೆ. ಇನ್ವರ್ಟರ್ ಮಾದರಿಗಿಂತ ಸ್ವಲ್ಪ ಹೆಚ್ಚು ಕರೆಂಟು ಎಳೆಯುತ್ತದೆ, ಆದರೆ ಕೆಟ್ಟರೆ ತೀರ್ಥಹಳ್ಳಿಯ ಮೆಕ್ಯಾನಿಕ್ಕೇ ಸರಿಮಾಡುತ್ತಾರೆ. ಅದಕ್ಕೆ ಸ್ಟೆಬಿಲೈಜರ್ ಹಾಕಿ, ಕರೆಂಟು ಬಂದ ಕೂಡಲೇ ಕೊಡದೆ ಕೆಲವು ನಿಮಿಷ ತಡೆದು ಕೊಡುವಂಥದ್ದು ನೋಡಿ ತನ್ನಿ. ಒಂದೇ ಗಂಟೆಯಲ್ಲಿ ಹತ್ತು ಸಲ ಕರೆಂಟು ಹೋಗಿ ಬರುವ ನಮ್ಮ ಕಡೆ ಕಂಪ್ರೆಸರ್ ಸುಡುವುದು ಹೆಚ್ಚಾಗಿ ಹೀಗೆ ನಿಂತ ತಕ್ಷಣ ಮತ್ತೆ ಏಳಲು ಒದ್ದಾಡಿ. ಗುಡುಗು ಕೇಳಲು ಶುರುವಾದ ಕೂಡಲೇ ಪ್ಲಗ್ ಕೀಳಿ, ಸ್ವಿಚ್ ಆರಿಸಿದರೆ ಸಾಲದು. ಬಾಗಿಲು ತೆಗೆಯದಿದ್ದರೆ ಮೂರು ನಾಲ್ಕು ಗಂಟೆ ಒಳಗಿನದು ಕೆಡುವುದಿಲ್ಲ. ಗುಡುಗು ತೀರಾ ಹತ್ತಿರ ಬಂದುಬಿಟ್ಟಿದ್ದರೆ ಪ್ಲಗ್ಗನ್ನೂ ಮುಟ್ಟಬೇಡಿ.

ಕಲ್ಲಿನ ಗ್ರೈಂಡರನ್ನು ಯಾರು ಹೇಳಿದರೂ ಕೊಡಬೇಡಿ. ಅರ್ಧ ಎಚ್‌ಪಿ ಮೋಟರು ಅರ್ಧ ಗಂಟೆ ಓಡಿದರೆ ಖರ್ಚಾಗುವುದು ಒಂದು ಯೂನಿಟ್ಟಿನ ಐದನೇ ಒಂದು ಭಾಗದಷ್ಟು. ಹೊಸದು ತಂದು ಇದರಲ್ಲಿ ಉಳಿಸುವುದಕ್ಕೆ ಏನೂ ಇಲ್ಲ. ಅದರಲ್ಲಿ ಸವೆಯುವುದು ಬೆಲ್ಟು, ಬೇರಿಂಗು, ಕೆಪಾಸಿಟರು, ಎಲ್ಲವೂ ಪೇಟೆಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತವೆ. ಮೋಟರು ಸುಟ್ಟರೂ ಮತ್ತೆ ಸುತ್ತಿಸಬಹುದು. ಕಲ್ಲು ನುಣುಪಾಗಿ ಹಿಟ್ಟು ನುಣ್ಣಗಾಗಲು ತಡವಾದರೆ ಉಳಿ ಹಿಡಿಯುವವರಿಂದ ಮತ್ತೆ ಒರಟು ಮಾಡಿಸಿ. ಮಿಕ್ಸಿಯಲ್ಲಿ ರುಬ್ಬಿದ ಹಿಟ್ಟು ಬಿಸಿಯಾಗುತ್ತದೆ, ಕಲ್ಲಿನದು ಆಗುವುದಿಲ್ಲ. ಉದ್ದು ಕಲ್ಲಿನಲ್ಲಿ ಅರಳಿದ ಹಾಗೆ ಮಿಕ್ಸಿಯಲ್ಲಿ ಅರಳುವುದಿಲ್ಲ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಅದರಲ್ಲಿ ಜೋಪಾನ ಮಾಡಬೇಕಾದ್ದು ಎರಡು. ಮೊದಲನೆಯದು ವೈರು. ಹಳೆಯ ಗ್ರೈಂಡರಿನಲ್ಲಿ ಎರಡೇ ಎಳೆಯ ವೈರಿದ್ದರೆ ಬದಲಿಸಿ ಮೂರು ಎಳೆಯದ್ದು ಹಾಕಿಸಿ, ಮೋಟರಿನ ಮೈಗೆ ಅರ್ತ್ ಕೊಡಿಸಿ. ನೀರು ಚೆಲ್ಲುವ ಜಾಗದಲ್ಲಿ ಕೂತಿರುವ ಯಂತ್ರ ಅದು. ಇನ್ನೊಂದು ವೋಲ್ಟೇಜ್. ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡಲು ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದಾಗ ನಿಮ್ಮ ದೀಪ ಮಂಕಾಗುವುದನ್ನು ಕಂಡಿರುತ್ತೀರಿ. ಇಂಥ ಮೋಟರಿನ ತಿರುಗುವ ಬಲ ವೋಲ್ಟೇಜ್ ಇಳಿದುದಕ್ಕಿಂತ ಜೋರಾಗಿ ಇಳಿಯುತ್ತದೆ. 230 ಇರಬೇಕಾದ ಕಡೆ 170 ಇದ್ದರೆ ಬಲ ಹೆಚ್ಚುಕಡಿಮೆ ಅರ್ಧ. ಸ್ವಿಚ್ ಹಾಕಿದಾಗ ತಿರುಗದೆ ಹೂಂ ಎಂದು ಗುಂಯ್‌ಗುಟ್ಟಿದರೆ ಆ ಕ್ಷಣವೇ ಆರಿಸಿ, ಕೈಯಲ್ಲಿ ತಳ್ಳಿ ಎಬ್ಬಿಸಲು ಹೋಗಬೇಡಿ. ಪಂಪುಗಳು ನಿಂತ ಮೇಲೆ ರುಬ್ಬಿಕೊಳ್ಳಿ.

ಬಚ್ಚಲ ಹಂಡೆಯ ವಿಷಯದಲ್ಲಿ ನನ್ನ ಮನಸ್ಸು ಪೂರ್ತಿ ನಿಮ್ಮ ಕಡೆ. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು ಇಪ್ಪತ್ತು ಡಿಗ್ರಿ ಬಿಸಿ ಏರಿಸಲು ಹೇಗೆ ಕಾಯಿಸಿದರೂ ಅರ್ಧ ಯೂನಿಟ್ಟಿನಷ್ಟು ಶಾಖ ಬೇಕೇ ಬೇಕು. ಯಾವ ಹೊಸ ಗೀಸರೂ ಇದರಿಂದ ತಪ್ಪಿಸಿಕೊಳ್ಳಲಾರದು. ಮೂರು ಜನ ಎರಡೆರಡು ಬಕೆಟ್ ಬಳಸಿದರೆ ದಿನಕ್ಕೆ ಮೂರು ಯೂನಿಟ್, ತಿಂಗಳಿಗೆ ತೊಂಬತ್ತು. ನಿಮ್ಮ ತೋಟದಲ್ಲಿ ಅಡಿಕೆ ಸಿಪ್ಪೆ, ತೆಂಗಿನ ಗರಿ, ಒಣ ಕಡ್ಡಿ ಬಿದ್ದು ಕೊಳೆಯುತ್ತಿರುವಾಗ ಇಷ್ಟು ಕರೆಂಟು ಸುಡುವುದರಲ್ಲಿ ಅರ್ಥವಿಲ್ಲ. ಸೋಲಾರ್ ಹಾಕಿಸಿದವರು ಸಹ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಕಾಣದೆ ಮತ್ತೆ ಹಂಡೆಯ ಒಲೆಗೇ ಬರುತ್ತಾರೆ.

ಹಂಡೆಯದೂ ಅಪಾಯ ಇಲ್ಲದ್ದಲ್ಲ. ದೊಡ್ಡದು ಹೊಗೆ. ಮಳೆಗಾಲದಲ್ಲಿ ಹಸಿ ಸೌದೆ ಊದಿ ಊದಿ ಉರಿ ಹಚ್ಚುವವರ ಶ್ವಾಸಕೋಶಕ್ಕೆ ಆ ಹೊಗೆ ಒಳ್ಳೆಯದಲ್ಲ, ಎಂಬತ್ತು ದಾಟಿದವರಿಗಂತೂ ಬೇಡವೇ ಬೇಡ. ಹೊಗೆ ಕೊಳವೆ ಸೂರಿನ ಮೇಲೆ ಹೋಗುವ ಹಾಗೆ ಮಾಡಿಸಿ, ಮಸಿ ತೆಗೆಸುತ್ತಿರಿ, ಸಾಧ್ಯವಾದರೆ ಒಲೆಯ ಬಾಯಿ ಬಚ್ಚಲಿನ ಹೊರಗೆ ಬರುವಂತೆ ಕಟ್ಟಿಸಿ. ಬಾಗಿಲು ಕಿಟಕಿ ಮುಚ್ಚಿದ ಬಚ್ಚಲಲ್ಲಿ ಕೆಂಡ ಬಿಟ್ಟು ಸ್ನಾನ ಮಾಡಬೇಡಿ. ಗ್ಯಾಸ್ ಗೀಸರಿಗೂ ಇದೇ ಮಾತು, ಅದನ್ನು ಸ್ನಾನದ ಮನೆಯ ಹೊರಗೇ ಕೂರಿಸಬೇಕು. ಕಣ್ಣಿಗೆ ಕಾಣದ, ವಾಸನೆ ಬಾರದ ಇಂಗಾಲದ ಮೊನಾಕ್ಸೈಡ್ ಜೀವ ತೆಗೆಯುತ್ತದೆ.

ಸೌದೆ ಮುಗಿದ ದಿನ ಹಂಡೆಯೊಳಗೆ ಕರೆಂಟ್ ಕಾಯಿಲ್ ಇಳಿಬಿಡುವ ರೂಢಿ ಕೆಲವು ಮನೆಗಳಲ್ಲಿದೆ. ಎಂದಿಗೂ ಮಾಡಬೇಡಿ. ಕಾಯಿಲ್ ಸ್ವಲ್ಪ ಸೋರಿದರೂ ಇಡೀ ಲೋಹದ ಹಂಡೆಗೆ ಕರೆಂಟು ಬರುತ್ತದೆ, ನಿಂತಿರುವ ನೆಲ ಒದ್ದೆ. ಅತ್ತೆಯವರಿಗೆ ಒಂದು ಸುಲಭದ ವ್ಯವಸ್ಥೆ ಬೇಕೆಂದರೆ ಆರರಿಂದ ಹತ್ತು ಲೀಟರಿನ ಸಣ್ಣ ಗೀಸರ್ ಹಾಕಿಸಿ, ಹಂಡೆಯೂ ಇರಲಿ. ಗೀಸರಿನ ಸೇಫ್ಟಿ ವಾಲ್ವಿನ ಬಾಯನ್ನು ತೊಟ್ಟಿಕ್ಕುತ್ತದೆ ಎಂದು ಮುಚ್ಚಿಸಬೇಡಿ, ಒಳಗೆ ಒತ್ತಡ ಏರಿದಾಗ ಅದೊಂದೇ ದಾರಿ.

ಫ್ಯಾನಿನಲ್ಲಿ ಮೂರನ್ನೂ ಬದಲಿಸುವ ಅಗತ್ಯವಿಲ್ಲ. ಹಳೆಯದು 75 ವಾಟ್ ಆಸುಪಾಸು ಎಳೆಯುತ್ತದೆ, ಈಗಿನ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ದಿನಕ್ಕೆ ಹನ್ನೆರಡು ಗಂಟೆ ತಿರುಗುವುದಾದರೆ ತಿಂಗಳಿಗೆ ಹದಿನಾರು ಯೂನಿಟ್ ವ್ಯತ್ಯಾಸ. ಯಾವ ಕೋಣೆಯ ಫ್ಯಾನು ಹೆಚ್ಚು ಹೊತ್ತು ತಿರುಗುತ್ತದೋ ಅದೊಂದನ್ನು ಬದಲಿಸಿ. ಮನೆಯಲ್ಲಿ ಬ್ಯಾಟರಿ ಇನ್ವರ್ಟರ್ ಇದ್ದರೆ ಕರೆಂಟು ಹೋದ ರಾತ್ರಿಗಳಲ್ಲಿ ಬ್ಯಾಟರಿ ಎರಡು ಪಟ್ಟು ಹೊತ್ತು ಬರುತ್ತದೆ, ನಮ್ಮ ಕಡೆ ಈ ಹೊಸ ಫ್ಯಾನಿನ ನಿಜವಾದ ಲಾಭ ಅದೇ. ಆ ಫ್ಯಾನಿನೊಳಗೂ ಬೋರ್ಡ್ ಇದೆ, ಸಿಡಿಲಿನ ಭಯ ಅದಕ್ಕೂ ಇದೆ.

ಇಸ್ತ್ರಿ ಪೆಟ್ಟಿಗೆಯನ್ನು ಮಾವನವರ ನೆನಪಿಗೆ ಇಟ್ಟುಕೊಳ್ಳಿ, ಕರೆಂಟು ಕೊಡಬೇಡಿ. ಬಿಸಿಯಾದಾಗ ತಾನೇ ಆರುವ ವ್ಯವಸ್ಥೆ ಆ ಕಾಲದ ಬಹಳಷ್ಟು ಪೆಟ್ಟಿಗೆಗಳಲ್ಲಿ ಇಲ್ಲ, ಬಟ್ಟೆ ಸುತ್ತಿದ ವೈರಿನ ಒಳಗಿನ ರಬ್ಬರು ಪುಡಿಯಾಗಿರುತ್ತದೆ, ಕೆಲವದರಲ್ಲಿ ಶಾಖ ತಡೆಯಲು ಕಲ್ನಾರು (ಆಸ್‌ಬೆಸ್ಟಾಸ್) ಹಾಕಿರುತ್ತಿದ್ದರು. ಅದನ್ನು ಬಿಚ್ಚಿಸಿ ರಿಪೇರಿ ಮಾಡಿಸುವುದೂ ಬೇಡ. ಹೊಸ ಸಾದಾ ಆಟೋಮ್ಯಾಟಿಕ್ ಪೆಟ್ಟಿಗೆ ಸಾವಿರ ರೂಪಾಯಿಯ ಒಳಗೇ ಸಿಗುತ್ತದೆ.

ಫ್ರಿಜ್ ಕಳಿಸುವ ದಿನ ಬಂದರೆ ದಾರಿಯಲ್ಲಿ ಹೋಗುವ ಗುಜರಿಯವರಿಗೆ ಕೊಡಬೇಡಿ. ಅವರು ತಾಮ್ರದ ಪೈಪಿಗಾಗಿ ಅಲ್ಲೇ ಕಡಿಯುತ್ತಾರೆ, ಗ್ಯಾಸೆಲ್ಲ ಗಾಳಿಗೆ ಹೋಗುತ್ತದೆ. ಹೊಸದು ಕೊಳ್ಳುವ ಅಂಗಡಿಯಲ್ಲಿ ಎಕ್ಸ್‌ಚೇಂಜ್ ಕೇಳಿ, ಹಳೆಯದು ಅಧಿಕೃತ ಇ-ತ್ಯಾಜ್ಯ ಸಂಸ್ಕರಣೆಯವರಿಗೆ ಹೋಗುತ್ತದೆಯೇ ಎಂದು ವಿಚಾರಿಸಿ. ಥಂಡಿಗೆ ಮೆತ್ತಗಾಗದ ಹಾಗೆ ಹಪ್ಪಳ ಸಂಡಿಗೆ ಇಡಲು ಕೆಟ್ಟ ಫ್ರಿಜ್ಜನ್ನು ಅಟ್ಟದಲ್ಲಿ ಕಪಾಟು ಮಾಡಿಕೊಳ್ಳುವವರನ್ನೂ ನೋಡಿದ್ದೇನೆ. ಹಾಗೆ ಇಟ್ಟುಕೊಳ್ಳುವುದಾದರೆ ಗ್ಯಾಸನ್ನು ತಿಳಿದವರಿಂದ ತೆಗೆಸಿ, ವೈರು ಕತ್ತರಿಸಿಬಿಡಿ. ರಜೆಗೆ ಮೊಮ್ಮಕ್ಕಳು ಬರುವ ಮನೆಯಾದರೆ ಅಷ್ಟೂ ಬೇಡ, ಗಾಳಿಯಾಡದ ಆ ಪೆಟ್ಟಿಗೆಯೊಳಗೆ ಮಕ್ಕಳು ಅಡಗಿ ಕೂತರೆ ಹೊರಗಿನವರಿಗೆ ಕೂಗು ಕೇಳಿಸುವುದಿಲ್ಲ. ಕಳಿಸುವ ತನಕ ಬಾಗಿಲನ್ನು ಕೀಲಿನಿಂದಲೇ ಕಳಚಿ ಬೇರೆಯಾಗಿಡಿ.